ವೈಟ್‌ನರ್ ಗೀಟು

ಶಿವಾಜಿನಗರದ ಗುಜರಿಯ ಬಗ್ಗೆ ಬಂದ ಬರಹಗಳಲ್ಲಿ ಒಂದು ಮಾತು ತಪ್ಪದೆ ಬರುತ್ತದೆ: ಅಲ್ಲಿ ಸಿಗದ ಪಾರ್ಟ್ ಇಲ್ಲ, ಅಲ್ಲಿನ ಮೆಕ್ಯಾನಿಕ್ ಎಬ್ಬಿಸದ ಗಾಡಿ ಇಲ್ಲ. ದಂಡು ಪ್ರದೇಶದ ನೆನಪು ಬರೆಯುವವರಿಗೆ ರಸೆಲ್ ಮಾರ್ಕೆಟ್ ಎಷ್ಟು ಪ್ರಿಯವೋ, ಸದ್ದು ಕೇಳಿಯೇ ಎಂಜಿನ್ನಿನ ರೋಗ ಹೇಳುವ ಉಸ್ತಾದನೂ ಅಷ್ಟೇ ಪ್ರಿಯ. ಆರು ವರ್ಷದಿಂದ ಇಂದಿರಾನಗರದಲ್ಲಿ ಫಿಯಟ್‌ನ ಒಂದು ಸೆಕೆಂಡ್ ಹ್ಯಾಂಡ್ ಅಬಾರ್ಥ್ ಪುಂಟೊ ಕಾರು ಸಾಕುತ್ತಿರುವ ನನಗೆ ಈ ಕೀರ್ತಿ ಅಳತೆ ಮೀರಿದ್ದು ಅನಿಸುತ್ತದೆ. ಅದನ್ನು ನಂಬಿ ಹೋದ ಒಳ್ಳೆಯ ಗಾಡಿಗಳು ಕೊನೆಗೆ ಅದೇ ಗುಜರಿಗೆ ಬಿಡಿಬಿಡಿಯಾಗಿ ಸೇರಿದ್ದನ್ನು ನೋಡಿದ್ದೇನೆ.

ಕೀರ್ತಿ ಸುಮ್ಮನೆ ಬಂದದ್ದಲ್ಲ. ಅದು ಪ್ರೀಮಿಯರ್ ಪದ್ಮಿನಿಯ ಕಾಲದ ಗಳಿಕೆ. ಮುಂಬೈಯ ಕುರ್ಲಾದಲ್ಲಿ ತಯಾರಾದ ಆ ಫಿಯಟ್ 1100ರದ್ದು 1089 ಸಿಸಿ ಎಂಜಿನ್, ಟೈಮಿಂಗಿಗೆ ಚೈನ್, ಪೆಟ್ರೋಲಿಗೆ ಕಾರ್ಬುರೇಟರ್, ಕಿಡಿಗೆ ಡಿಸ್ಟ್ರಿಬ್ಯೂಟರಿನ ಪಾಯಿಂಟ್. ಪಾಯಿಂಟನ್ನು ಮರಳು ಕಾಗದದಲ್ಲಿ ಉಜ್ಜಿ, ಕಾರ್ಬುರೇಟರಿನ ಸ್ಕ್ರೂ ಕಾಲು ಸುತ್ತು ತಿರುಗಿಸಿ, ಕಿವಿಗೊಟ್ಟು ಕೇಳಿ ಸರಿಮಾಡುವುದು ಅಲ್ಲಿ ನಿಜವಾದ ವಿದ್ಯೆಯೇ. ತಪ್ಪಾದರೂ ಆ ಎಂಜಿನ್ ಸಹಿಸುತ್ತಿತ್ತು. ಅಂಥ ಕೈಗಳನ್ನು ನಾನೂ ಬೆರಗಿನಿಂದ ನೋಡುತ್ತ ಬೆಳೆದವನು. ಈಗಲೂ ಡೋರ್ ಹ್ಯಾಂಡಲ್, ಟೇಲ್ ಲ್ಯಾಂಪ್, ಸ್ವಿಚ್ಚು ಬೇಕಾದರೆ ಗುಜರಿಗೇ ಹೋಗುತ್ತೇನೆ, ಬರಿಗೈಯಲ್ಲಿ ಬಂದದ್ದು ಕಡಿಮೆ.

ಆದರೆ 2015ರ ಅಕ್ಟೋಬರಿನಲ್ಲಿ ಬಂದ ಅಬಾರ್ಥ್ ಪುಂಟೊ ಬೇರೆಯೇ ಜಾತಿ. 1368 ಸಿಸಿಯ ಟಿ-ಜೆಟ್ ಎಂಜಿನ್, ಹದಿನಾರು ವಾಲ್ವ್, ಟರ್ಬೊ, 145 ಅಶ್ವಶಕ್ತಿ. ಪುಣೆ ಬಳಿಯ ರಂಜನ್‌ಗಾಂವ್‌ನಲ್ಲಿ ತಯಾರಾಗಿ 9.95 ಲಕ್ಷಕ್ಕೆ ಮಾರಾಟವಾಯಿತು. 2020ರ ಏಪ್ರಿಲಿನ ಬಿಎಸ್-6 ನಿಯಮ ಬರುವ ಮೊದಲೇ ಫಿಯಟ್ ಇಲ್ಲಿನ ಕಾರಿನಂಗಡಿ ಮುಚ್ಚಿತು. 'ಸ್ವಿಫ್ಟಿನಲ್ಲಿರೋದೂ ಫಿಯಟ್ ಎಂಜಿನ್ನೇ, ಪಾರ್ಟ್‌ಗೇನು ಬರ' ಎಂದು ಮಾರುವವರು ಹೇಳುತ್ತಾರೆ. ಅದು ಹಳೆಯ ಸ್ವಿಫ್ಟಿನ 1.3 ಮಲ್ಟಿಜೆಟ್ ಡೀಸೆಲಿನ ಮಾತು; ಟಿ-ಜೆಟ್ ಕೊಳ್ಳುವವನಿಗೆ ಅದರಿಂದ ಉಪಕಾರವಿಲ್ಲ.

ಈ ಎಂಜಿನ್ನಿನ ವಾಲ್ವ್‌ಗಳಿಗೂ ಪಿಸ್ಟನ್ನುಗಳಿಗೂ ಹೊಂದಾಣಿಕೆ ಕಾಯುವುದು ಒಂದು ರಬ್ಬರ್ ಬೆಲ್ಟ್. ನೀರಿನ ಪಂಪನ್ನು ತಿರುಗಿಸುವುದೂ ಅದೇ. ಆದ್ದರಿಂದ ಬೆಲ್ಟ್ ಬದಲಿಸುವಾಗ ಟೆನ್ಷನರನ್ನೂ ಪಂಪನ್ನೂ ಒಟ್ಟಿಗೇ ಬದಲಿಸಬೇಕು. ಹಳೆಯ ಬೆಲ್ಟ್ ಬಿಚ್ಚುವ ಮುಂಚೆ ಕ್ಯಾಮ್ ಶಾಫ್ಟ್ ಅಲುಗಾಡದಂತೆ ಲಾಕಿಂಗ್ ಟೂಲ್ ಹಾಕಬೇಕು. ಶಾಫ್ಟ್ ತನ್ನ ಸರಿಯಾದ ಜಾಗದಲ್ಲಿದ್ದರೆ ಮಾತ್ರ ಟೂಲಿನ ಮೂಗು ಒಳಗೆ ಕೂರುತ್ತದೆ. ಇಲ್ಲದಿದ್ದರೆ ಎಷ್ಟು ಒತ್ತಿದರೂ ಹೋಗುವುದಿಲ್ಲ.

ಹಲಸೂರಿನ ಗಲ್ಲಿಯೊಂದರ ಗ್ಯಾರೇಜಿನಲ್ಲಿ ನಾನು ಕಂಡದ್ದು ಬೇರೆ. ಉಸ್ತಾದರು ಜೇಬಿನಿಂದ ವೈಟ್‌ನರ್ ಪೆನ್ನು ತೆಗೆದು ಪುಲ್ಲಿಯ ಮೇಲೊಂದು ಗೀಟು, ಎಂಜಿನ್ ಮೈಮೇಲೊಂದು ಗೀಟು, ಹಳೆ ಬೆಲ್ಟಿನ ಹಲ್ಲಿನ ಮೇಲೊಂದು ಗೀಟು ಎಳೆದರು. ಬೆಲ್ಟ್ ಬಿಚ್ಚಿ ಹೊಸದರ ಪಕ್ಕ ಇಟ್ಟು, ಹಲ್ಲು ಎಣಿಸಿ, ಗೀಟನ್ನು ಅದಕ್ಕೆ ದಾಟಿಸಿದರು. ಗೀಟಿಗೆ ಗೀಟು ಕೂಡಿಸಿ ಟೈಟ್ ಮಾಡಿದರು. ಟೂಲ್ ಬೇಡವೇ ಎಂದು ಕೇಳಿದೆ. 'ಮೂವತ್ತು ವರ್ಷದಿಂದ ಇದೇ ಮಾಡ್ತಿದ್ದೀನಿ ಸಾರ್, ಒಂದು ಕೂದಲೂ ಆಚೆ ಈಚೆ ಆಗಲ್ಲ' ಎಂದರು. ಗಾಡಿ ಒಂದೇ ಸೆಲ್ಫ್‌ಗೆ ಸ್ಟಾರ್ಟಾಯಿತು. ಸುತ್ತ ನಿಂತವರು ಮೆಚ್ಚಿದರು. ನಾನೂ ಮೆಚ್ಚಿದೆ.

ಅವರು ಸುಳ್ಳು ಹೇಳಲಿಲ್ಲ. ಕೂದಲೂ ಆಚೆ ಈಚೆ ಆಗಿರಲಿಲ್ಲ, ತೊಂದರೆ ಇದ್ದದ್ದೂ ಅಲ್ಲೇ. ಹಳೆಗನ್ನಡದ ಓಲೆಗರಿಗಳ ಜೊತೆ ಒಡನಾಡಿದವರಿಗೆ ಇದು ತಕ್ಷಣ ಅರ್ಥವಾಗುತ್ತದೆ. ಎದುರಿಗಿರುವ ಪ್ರತಿಯನ್ನು ಅಕ್ಷರ ಬಿಡದೆ ನಕಲು ಮಾಡುವ ಲಿಪಿಕಾರ ಹಿಂದಿನವನ ತಪ್ಪನ್ನೂ ಅಕ್ಷರ ಬಿಡದೆ ನಕಲು ಮಾಡುತ್ತಾನೆ. ಹಿಂದಿನ ಮಾಲೀಕನ ಕಾಲದಲ್ಲಿ ಯಾರೋ ಬೆಲ್ಟನ್ನು ಸ್ವಲ್ಪ ಓರೆಯಾಗಿ ಕೂರಿಸಿದ್ದರೆ ಗೀಟು ಆ ಓರೆಯನ್ನೇ ಶ್ರದ್ಧೆಯಿಂದ ಹೊಸ ಬೆಲ್ಟಿಗೆ ದಾಟಿಸುತ್ತದೆ. ಬೆಲ್ಟ್ ಮುಂಚೆ ಎಲ್ಲಿತ್ತು ಎಂಬುದಷ್ಟೇ ಗೀಟಿಗೆ ಗೊತ್ತು. ಎಲ್ಲಿರಬೇಕು ಎಂಬುದು ಟೂಲಿಗೆ ಗೊತ್ತು. ಸೆಕೆಂಡ್ ಹ್ಯಾಂಡ್ ಗಾಡಿಯಲ್ಲಿ ಈ ವ್ಯತ್ಯಾಸವೇ ಸರ್ವಸ್ವ, ಏಕೆಂದರೆ ನಮಗಿಂತ ಮುಂಚೆ ಅದನ್ನು ಯಾರು ಬಿಚ್ಚಿದ್ದರೆಂದು ನಾವು ಕಂಡಿಲ್ಲ.

ನನ್ನ ಗಾಡಿ ಬೆಳಗಿನ ಚಳಿಯಲ್ಲಿ ನಿಂತಲ್ಲೇ ನಡುಗುತ್ತಿತ್ತು. ಟ್ರಿನಿಟಿ ಸರ್ಕಲ್ಲಿನಿಂದ ಹಲಸೂರಿನ ಕಡೆ ಎಳೆದರೆ ಟರ್ಬೊ ತಡವಾಗಿ ಏಳುತ್ತಿತ್ತು. 'ಇಟಾಲಿಯನ್ ಗಾಡಿ, ಹಾಗೇ' ಎಂದರು ಎಲ್ಲರೂ. ಕೆ.ಆರ್. ಪುರದ ತೂಗುಸೇತುವೆಯ ಆಚೆ, ಟೂಲ್ ಕಿಟ್ ಇಟ್ಟುಕೊಂಡಿದ್ದ ಇನ್ನೊಬ್ಬ ಮೆಕ್ಯಾನಿಕ್ ಒಂದು ಶನಿವಾರವಿಡೀ ಇದಕ್ಕೇ ಕೊಟ್ಟ. ಟೂಲನ್ನು ರಂಧ್ರಕ್ಕೆ ಹಿಡಿದ. ಅದು ಕೂರಲಿಲ್ಲ. ಇನ್ನೊಮ್ಮೆ ಒತ್ತಿದ, ಕೂರಲಿಲ್ಲ. ಏನೂ ಹೇಳದೆ ನನ್ನ ಕೈಗೇ ಟೂಲ್ ಕೊಟ್ಟ. ಎರಡು ವರ್ಷದ ನಡುಕಕ್ಕೆ ಕಾರಣ ನನ್ನ ಬೆರಳಿಗೇ ತಾಗಿತು.

ಈ ಗಾಡಿಯನ್ನು ಹಗುರವಾಗಿ ಕಾಣುವ ವಿಮರ್ಶಕರಿಗೂ ಇಲ್ಲಿ ಉತ್ತರಿಸಬೇಕು. ಮೈಲೇಜು, ಮರುಮಾರಾಟದ ಬೆಲೆ ಹಿಡಿದು ತೂಗಿದವರನ್ನು ಬಿಟ್ಟುಬಿಡುತ್ತೇನೆ. ಅವರು ತಕ್ಕಡಿ ತಂದದ್ದೇ ಬೇರೆ ಸಾಮಾನಿಗೆ. 'ಚೇಳಿನ ಸ್ಟಿಕ್ಕರ್ ಅಂಟಿಸಿದ ಪುಂಟೊ, ಇದನ್ನು ಸ್ಪೋರ್ಟ್ಸ್ ಕಾರ್ ಅನ್ನಬೇಡಿ' ಎನ್ನುವ ಶುದ್ಧವಾದಿಗಳಿಗೆ ಚರಿತ್ರೆ ಗೊತ್ತಿಲ್ಲ. 1949ರಲ್ಲಿ ಕಂಪನಿ ಕಟ್ಟಿ, ತನ್ನ ರಾಶಿಯ ಚೇಳನ್ನೇ ಲಾಂಛನ ಮಾಡಿಕೊಂಡ ಕಾರ್ಲೊ ಅಬಾರ್ಥ್ ಹೆಸರು ಮಾಡಿದ್ದೇ ಪುಟ್ಟ ಫಿಯಟ್‌ಗಳಿಗೆ ಕಸುವು ತುಂಬಿ. 1963ರ ಅಬಾರ್ಥ್ 595 ಹುಟ್ಟಿದ್ದು ಮನೆಮಂದಿಯ ಫಿಯಟ್ 500ರಿಂದ. ಸಾಧಾರಣ ಗಾಡಿಯನ್ನು ತಿದ್ದುವುದೇ ಆ ಮನೆತನದ ಕಸುಬು. ಹಲಸೂರು ಕೆರೆಯ ಪಕ್ಕ ಕೆನ್ಸಿಂಗ್ಟನ್ ರಸ್ತೆಯ ತಿರುವಿನಲ್ಲಿ ಇದರ ಹೈಡ್ರಾಲಿಕ್ ಸ್ಟಿಯರಿಂಗ್ ರಸ್ತೆಯ ಒರಟನ್ನು ಅಂಗೈಗೆ ತಲುಪಿಸುವ ಬಗೆಯನ್ನು ಒಮ್ಮೆ ಅನುಭವಿಸಿದವರು ಸ್ಟಿಕ್ಕರಿನ ಮಾತಾಡಲಾರರು.

ನನ್ನ ನಿಜವಾದ ಜಗಳ ಗುಜರಿಯನ್ನು ಹಾಡಿ ಹೊಗಳುವ ನಮ್ಮ ಲೇಖಕರ ಜೊತೆ. ಟೂಲ್ ಕೇಳುವುದು ಉಳ್ಳವರ ಸೊಕ್ಕು, ವೈಟ್‌ನರ್ ಗೀಟು ಜನರ ಜ್ಞಾನ ಎಂಬುದು ಅವರ ವಾದ. ಇದು ಗೌರವದ ವೇಷ ಹಾಕಿದ ಅಗೌರವ. ಆ ಉಸ್ತಾದರಿಗೆ ಲಾಕಿಂಗ್ ಟೂಲ್ ಬಳಸಲು ಬರುವುದಿಲ್ಲವೆಂದಲ್ಲ. ಎರಡು ಗಂಟೆಯಲ್ಲಿ ಮುಗಿಸಿ ಎಂದು ನಿಂತ, ಲೇಬರ್ ಚಾರ್ಜಿನಲ್ಲಿ ಚೌಕಾಸಿ ಮಾಡಿದ ಗಿರಾಕಿಯ ಹಣದಲ್ಲಿ ಆ ಟೂಲ್ ಕೊಳ್ಳಲಾಗುತ್ತಿರಲಿಲ್ಲ. ಆ ಗಿರಾಕಿ ನಾನೇ. ಕಿವಿಯ ವಿದ್ಯೆಯನ್ನು ನಾವು ಇಷ್ಟು ಹೊಗಳುವುದು ಅದು ಅಗ್ಗಕ್ಕೆ ಸಿಗುತ್ತದೆಂಬ ಕಾರಣಕ್ಕೆ.

ಹಳೆ ಫಿಯಟ್ ಕೊಳ್ಳಬೇಕೆಂದು ಯಾರಾದರೂ ಸಲಹೆ ಕೇಳಲು ಬಂದರೆ ಡಿಕ್ಕಿ ತೆಗೆದು, ಆಮೇಲೆ ಬಿಚ್ಚಿಸಿ ಅಲ್ಲೇ ಇಟ್ಟುಕೊಂಡಿರುವ ಆ ಗೀಟಿನ ಬೆಲ್ಟ್ ತೋರಿಸುತ್ತೇನೆ. ರಬ್ಬರ್ ಹೊಸದರಂತಿದೆ, ಬಿಳಿ ಗೀಟು ಇನ್ನೂ ಸ್ಪಷ್ಟವಾಗಿದೆ. ಗಾಡಿ ಮಾರುವವರನ್ನು ಎರಡು ಪ್ರಶ್ನೆ ಕೇಳಿ ಎನ್ನುತ್ತೇನೆ: ಬೆಲ್ಟ್ ಯಾವಾಗ ಹಾಕಿಸಿದಿರಿ, ಟೂಲ್ ಹಾಕಿ ಹಾಕಿಸಿದಿರಾ?