ಫಲಕದ ಮಿತಿ ಮತ್ತು ದೀಪದ ಮಿತಿ

ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2018ರ ಏಪ್ರಿಲ್‌ನಲ್ಲಿ ಹೊರಡಿಸಿದ ಅಧಿಸೂಚನೆ ಕಾರುಗಳ ಗರಿಷ್ಠ ವೇಗವನ್ನು ಹೀಗೆ ನಿಗದಿಪಡಿಸಿತ್ತು: ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಗಂಟೆಗೆ 120 ಕಿ.ಮೀ., ವಿಭಜಕವಿರುವ ಚತುಷ್ಪಥದಲ್ಲಿ 100, ಇತರ ರಸ್ತೆಗಳಲ್ಲಿ 70. ಮದ್ರಾಸ್ ಹೈಕೋರ್ಟ್ 2021ರಲ್ಲಿ ಅದನ್ನು ರದ್ದುಪಡಿಸಿತು. ಅಂಕಿಗಳು ಹೆಚ್ಚೋ ಕಡಿಮೆಯೋ ಎಂಬುದಕ್ಕಿಂತ ಮೂಲಭೂತವಾದ ಕೊರತೆ ಇಂಥ ಪಟ್ಟಿಯಲ್ಲಿದೆ. ಅದು ಗಣಿಸುವುದು ವಾಹನದ ಬಗೆ ಮತ್ತು ರಸ್ತೆಯ ಬಗೆಯನ್ನು ಮಾತ್ರ. ಕತ್ತಲೆ, ಮಳೆ ಅಲ್ಲಿಲ್ಲ.

ಬೀದರಿನಿಂದ ಭಾಲ್ಕಿ ಅಥವಾ ಔರಾದ್ ಕಡೆಗೆ ಹೋಗುವ ಎರಡು ಪಥದ ರಸ್ತೆಯನ್ನು ಊಹಿಸಿಕೊಳ್ಳಿ. ಕಬ್ಬು ನುರಿಸುವ ಹಂಗಾಮು, ರಾತ್ರಿಯ ವೇಳೆ. ಎದುರಿನಿಂದ ಲಾರಿ ಬರುತ್ತಿದೆ. ನೀವು ದೀಪವನ್ನು ಡಿಮ್ ಮಾಡಿದ್ದೀರಿ. ಮುಂದೆ ಹಿಂದೀಪವಾಗಲಿ ರಿಫ್ಲೆಕ್ಟರ್ ಆಗಲಿ ಇಲ್ಲದ ಕಬ್ಬಿನ ಟ್ರ್ಯಾಕ್ಟರ್ ನಿಂತಿದೆ. ಅದು ನಿಮಗೆ ಕಾಣುವುದು ಸುಮಾರು 50 ಮೀಟರಿನಲ್ಲಿ ಎನ್ನೋಣ.

ಕಂಡು, ಅರಿತು, ಬ್ರೇಕ್ ಒತ್ತುವುದಕ್ಕೆ ನಮ್ಮ ರಸ್ತೆ ವಿನ್ಯಾಸಕರು 2.5 ಸೆಕೆಂಡು ಕೊಡುತ್ತಾರೆ. ಘರ್ಷಣಾಂಕವನ್ನು ಸುರಕ್ಷಿತವಾಗಿ 0.35ರಷ್ಟು ಹಿಡಿದರೆ ಋಣ ವೇಗೋತ್ಕರ್ಷ ಸೆಕೆಂಡಿಗೆ ಸೆಕೆಂಡಿಗೆ ಸುಮಾರು 3.5 ಮೀ. ಗಂಟೆಗೆ 70 ಕಿ.ಮೀ. ಎಂದರೆ ಸೆಕೆಂಡಿಗೆ 19.4 ಮೀ. 2.5 ಸೆಕೆಂಡಿನಲ್ಲಿ ವಾಹನ 49 ಮೀ. ಸಾಗಿರುತ್ತದೆ, ಆಮೇಲೆ ನಿಲ್ಲಲು ಇನ್ನೂ 54 ಮೀ. ಬೇಕು. ಅಂದರೆ ಬ್ರೇಕ್ ಹಿಡಿಯುವ ಹೊತ್ತಿಗೆ ಟ್ರ್ಯಾಕ್ಟರ್ ಒಂದೇ ಮೀಟರ್ ದೂರದಲ್ಲಿದೆ! ಅನುಮತಿಸಿದ ವೇಗದಲ್ಲೇ ಢಿಕ್ಕಿ.

50 ಮೀಟರಿನೊಳಗೆ ನಿಲ್ಲಬೇಕಾದರೆ ವೇಗ ಗಂಟೆಗೆ 43 ಕಿ.ಮೀ. ಮೀರಬಾರದು. ಸುಮಾರು 40 ಕಿ.ಮೀ. ದೂರದ ಭಾಲ್ಕಿಗೆ ಇಡೀ ದಾರಿ ಇದೇ ವೇಗದಲ್ಲಿ ಹೋದರೂ ತಡವಾಗುವುದು 22 ನಿಮಿಷ ಮಾತ್ರ.

ಕಾನೂನು ಇದನ್ನು ಅರಿಯದೆ ಇಲ್ಲ. 1988ರ ಮೋಟಾರು ವಾಹನ ಕಾಯ್ದೆಯ 184ನೇ ಕಲಂ ಸ್ಥಳದ ಸ್ವರೂಪ, ಸ್ಥಿತಿ, ಸಂಚಾರಗಳನ್ನು ಪರಿಗಣಿಸಿಯೇ ವೇಗ ಅಪಾಯಕರವೇ ಎಂದು ತೀರ್ಮಾನಿಸುತ್ತದೆ. ಆದರೆ ಚಾಲಕನ ಕಣ್ಣಿಗೆ ಬೀಳುವುದು ಕಲಮಲ್ಲ, ಫಲಕದ ಅಂಕಿ. ಗರಿಷ್ಠ ಮಿತಿಯನ್ನು ಅವನು ಸುರಕ್ಷಿತ ವೇಗವೆಂದೇ ಓದಿಕೊಳ್ಳುತ್ತಾನೆ.

ನಮ್ಮ ತರಗತಿಗಳೂ ಈ ಭ್ರಮೆಗೆ ನೀರೆರೆಯುತ್ತವೆ. ಚಲನೆಯ ಲೆಕ್ಕಗಳು ಸಾಮಾನ್ಯವಾಗಿ 'ಬ್ರೇಕ್ ಒತ್ತಿದಾಗ' ಎಂದೇ ಆರಂಭವಾಗುತ್ತವೆ. ಅದಕ್ಕೆ ಮುಂಚಿನ 2.5 ಸೆಕೆಂಡು ಮಾಯ. ಶಿಕ್ಷಕರು ಆಟದ ಮೈದಾನದಲ್ಲಿ 50 ಮತ್ತು 103 ಮೀಟರುಗಳನ್ನು ಅಳೆಸಿ, ಎರಡು ಕಡೆ ಮಕ್ಕಳನ್ನು ನಿಲ್ಲಿಸಲಿ. ಆ ಇಬ್ಬರ ನಡುವಿನ ಅಂತರವೇ ಫಲಕ ಹೇಳದ ಪಾಠ.