ಉದ್ಯಾನದ ನೆನಪು, ಓಣಿಯ ಋಣ

ಬಾಲ್ಯದ ಉದ್ಯಾನವನ್ನು ನೆನೆದು ಬರೆಯುವವರಲ್ಲಿ ದೋಷವೊಂದುಂಟು: ಹೂವೂ ನೆರಳೂ ಸುಲಭವಾಗಿ ಬರಹಕ್ಕೆ ಬರುತ್ತವೆ, ಸುತ್ತಣ ಓಣಿ ಬಾರದು. ಬೆಳಗಾವಿಯ ಟಿಳಕವಾಡಿಯಲ್ಲಿರುವ ಕಾಂಗ್ರೆಸ್ ಬಾವಿಯ ತೋಟವನ್ನೇ ನೋಡಬಹುದು. ಗಾಂಧೀಜಿಯವರು ಅಧ್ಯಕ್ಷರಾಗಿದ್ದ 1924ರ ಅಧಿವೇಶನದ ನೀರಿಗಾಗಿ ತೋಡಿದ ಬಾವಿಯದು. ನೇಕಾರರ ವಡಗಾವಿಯಿಂದ ಅಲ್ಲಿಗೆ ಆಡಲು ಬಂದ ಬಾಲಕನಿಗೆ ಆ ಇತಿಹಾಸ ತಿಳಿಯದಿರುವುದು ಸಹಜ. ಬೆಳೆದ ಲೇಖಕನು ಅದನ್ನು ಬಾಲಕನ ಬಾಯಲ್ಲಿಟ್ಟರೆ ನೆನಪು ಉಪನ್ಯಾಸವಾಗುತ್ತದೆ. ಆದರೆ ಮಗ್ಗದ ಸದ್ದನ್ನು ಆತನು ಬಲ್ಲನಷ್ಟೆ! ಮಗನು ಆಡುತ್ತಿದ್ದ ಹೊತ್ತಿನಲ್ಲಿ ಮನೆಯಲ್ಲಿ ಕಂಡಿಕೆ ಸುತ್ತುತ್ತ ಕುಳಿತ ತಾಯಿಯು ಬರಹದೊಳಗೆ ಬಾರದಿದ್ದರೆ, ಆ ಆಟದ ಬೆಲೆ ಓದುಗನಿಗೆ ತಿಳಿಯುವುದೆಂತು? ಯಾರ ದುಡಿಮೆಯಿಂದ ಆ ಬಿಡುವು ದೊರೆಯಿತೆಂಬುದನ್ನು ಮರೆತ ನೆನಪು, ಎಷ್ಟೇ ಸೊಗಸಾಗಿರಲಿ, ಅರ್ಧ ನೆನಪೇ ಸರಿ.