ದುರ್ಗುಣಕ್ಕೆ ಸಮಾಜವೆಷ್ಟು ಹೊಣೆ?

ಮನುಷ್ಯನು ಕೆಡುವುದು ತನ್ನೊಳಗಿನ ದೋಷದಿಂದಲೋ, ತಾನು ಬಾಳುವ ಸಮಾಜದ ದೋಷದಿಂದಲೋ ಎಂಬುದು ಬಹು ಹಳೆಯ ಪ್ರಶ್ನೆ. 2025ರಲ್ಲಿ ಕೋಪನ್‌ಹೇಗನ್ ವಿಶ್ವವಿದ್ಯಾಲಯದ ಇಂಗೊ ಜೆಟ್ಲರ್ ಮತ್ತು ಅವರ ಸಹೋದ್ಯೋಗಿಗಳು ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಪ್ರಕಟಿಸಿದ ಅಧ್ಯಯನವು ಇದಕ್ಕೆ ಅಂಕಿಗಳ ಮೂಲಕ ಉತ್ತರ ಕೊಡಲು ಯತ್ನಿಸಿದೆ. ಅದರಲ್ಲಿ ಗ್ರಾಹ್ಯವೆಷ್ಟು, ಶಂಕಾಸ್ಪದವೆಷ್ಟು ಎಂಬುದನ್ನು ಪರಿಶೀಲಿಸುವುದು ಈ ಲೇಖನದ ಉದ್ದೇಶ.

ಅಹಂಕಾರ, ವಂಚನೆ, ಕ್ರೌರ್ಯ ಮೊದಲಾದ ದುರ್ಗುಣಗಳು ಮೇಲ್ನೋಟಕ್ಕೆ ಬೇರೆ ಬೇರೆಯಾಗಿ ಕಂಡರೂ ಅವುಗಳ ಬೇರು ಒಂದೇ ಎಂಬುದು ಈ ಸಂಶೋಧಕರಲ್ಲಿ ಕೆಲವರು 2018ರಲ್ಲಿಯೇ ಮಂಡಿಸಿದ್ದ ಸಿದ್ಧಾಂತ. ಆ ಬೇರನ್ನು ಅವರು ವ್ಯಕ್ತಿತ್ವದ ‘ಕರಾಳ ಅಂಶ’ ಎಂದು ಕರೆದರು. ಪರರಿಗೆ ಹಾನಿಯಾದರೂ ಸರಿ, ತನ್ನ ಹಿತವೇ ಹೆಚ್ಚಬೇಕೆಂಬ ಪ್ರವೃತ್ತಿ ಮತ್ತು ಅದನ್ನು ಸಮರ್ಥಿಸಿಕೊಳ್ಳಲು ಮನಸ್ಸು ಕಟ್ಟಿಕೊಳ್ಳುವ ನಂಬಿಕೆಗಳು, ಇವೆರಡೂ ಕೂಡಿದ್ದೇ ಆ ಅಂಶ. 183 ದೇಶಗಳ ಸುಮಾರು 18 ಲಕ್ಷ ಜನರು ಪ್ರಶ್ನಾವಳಿಗೆ ಕೊಟ್ಟ ಉತ್ತರಗಳನ್ನು, ಆಯಾ ದೇಶದಲ್ಲಿ ಸುಮಾರು ಎರಡು ದಶಕಗಳ ಹಿಂದೆ ಇದ್ದ ಭ್ರಷ್ಟಾಚಾರ, ಅಸಮಾನತೆ, ಬಡತನ ಮತ್ತು ಹಿಂಸೆಗಳ ಪ್ರಮಾಣದೊಂದಿಗೆ ಹೋಲಿಸಲಾಯಿತು. ಈ ನಾಲ್ಕೂ ಹೆಚ್ಚಿದ್ದೆಡೆ ಕರಾಳ ಅಂಶವೂ ಸರಾಸರಿಯಲ್ಲಿ ಹೆಚ್ಚಾಗಿ ಕಂಡಿತು. ಇಂಡೊನೇಷ್ಯಾ, ಮೆಕ್ಸಿಕೊಗಳಲ್ಲಿ ಅದು ಹೆಚ್ಚು. ಡೆನ್ಮಾರ್ಕ್, ನ್ಯೂಜಿಲೆಂಡ್‌ಗಳಲ್ಲಿ ಕಡಿಮೆ. ಅಮೆರಿಕದ ಸಂಸ್ಥಾನಗಳನ್ನು ತಮ್ಮತಮ್ಮೊಳಗೆ ಹೋಲಿಸಿದಾಗಲೂ ಇದೇ ಬಗೆಯ ಫಲಿತಾಂಶ ದೊರೆಯಿತು.

ಪರಿಸ್ಥಿತಿಯನ್ನು ಹಿಂದಿನ ಕಾಲದಿಂದಲೂ, ಸ್ವಭಾವವನ್ನು ಅನಂತರದ ಕಾಲದಿಂದಲೂ ತೆಗೆದುಕೊಂಡಿರುವುದು ಈ ಅಧ್ಯಯನದ ದೊಡ್ಡ ಗುಣ. ಕಾರ್ಯಕ್ಕಿಂತ ಕಾರಣವು ಮುಂಚಿನದಾಗಿರಬೇಕಷ್ಟೆ. ಆದರೆ ಉತ್ತರ ಕೊಟ್ಟವರು ಅಂತರಜಾಲದಲ್ಲಿ ತಾವಾಗಿಯೇ ಬಂದು ಪ್ರಶ್ನಾವಳಿ ತುಂಬಿದವರು. ಬಡ ದೇಶದ ಕೂಲಿಕಾರನು ಅವರ ನಡುವೆ ಎಷ್ಟರ ಮಟ್ಟಿಗೆ ಇದ್ದಾನು? ಮೇಲಾಗಿ, ಪರಿಸ್ಥಿತಿಗೂ ಸ್ವಭಾವಕ್ಕೂ ಕಂಡ ಸಂಬಂಧವು ಪ್ರಬಲವಾದುದಲ್ಲ, ಸಾಧಾರಣವಾದುದು. ಆದುದರಿಂದ ದೇಶದ ಸರಾಸರಿಯನ್ನು ಹಿಡಿದು ಆ ದೇಶದ ಒಬ್ಬ ವ್ಯಕ್ತಿಯ ಗುಣವನ್ನು ನಿರ್ಣಯಿಸುವುದು ಅನ್ಯಾಯವಾಗುತ್ತದೆ.

ನನ್ನ ಮುಖ್ಯ ಆಕ್ಷೇಪವು ಇದಕ್ಕಿಂತ ಬೇರೆ. ಬಡತನ ಮತ್ತು ಭ್ರಷ್ಟಾಚಾರ ಇವೆರಡನ್ನೂ ಒಂದೇ ತಟ್ಟೆಯಲ್ಲಿ ಹಾಕಿ ತೂಗಲಾಗಿದೆ. ಬಡತನವು ಮನುಷ್ಯನು ಅನುಭವಿಸುವ ಸ್ಥಿತಿ. ಭ್ರಷ್ಟಾಚಾರವು ಮನುಷ್ಯನು ಎಸಗುವ ಕೃತ್ಯ. ಇವನ್ನು ಬೇರ್ಪಡಿಸದೆ ಹೋದರೆ, ಬಡವನೇ ದುಷ್ಟನೆಂಬ ತಪ್ಪು ತೀರ್ಮಾನಕ್ಕೆ ಉಳ್ಳವರು ಸುಲಭವಾಗಿ ಬಂದುಬಿಡುತ್ತಾರೆ.

ಅದು ತಪ್ಪೆಂಬುದಕ್ಕೆ ರೇಮಂಡ್ ಫಿಸ್ಮನ್ ಮತ್ತು ಎಡ್ವರ್ಡ್ ಮಿಗೆಲ್ ಎಂಬ ಅರ್ಥಶಾಸ್ತ್ರಜ್ಞರು 2007ರಲ್ಲಿ ಪ್ರಕಟಿಸಿದ ಸಂಶೋಧನೆಯೊಂದು ಸಾಕ್ಷಿಯಾಗಿದೆ. ನ್ಯೂಯಾರ್ಕ್ ನಗರದಲ್ಲಿ ವಿಶ್ವಸಂಸ್ಥೆಯ ರಾಯಭಾರಿ ವರ್ಗದವರು ವಾಹನವನ್ನು ಕಂಡಲ್ಲಿ ನಿಲ್ಲಿಸಿದರೂ, ರಾಜತಾಂತ್ರಿಕ ವಿನಾಯಿತಿಯ ದೆಸೆಯಿಂದ ದಂಡ ಕಟ್ಟದೆ ಉಳಿಯಬಹುದಾಗಿತ್ತು. 1997ರಿಂದ 2002ರವರೆಗಿನ ಐದು ವರ್ಷಗಳಲ್ಲಿ ಹೀಗೆ ಪಾವತಿಯಾಗದ ದಂಡದ ಚೀಟಿಗಳು ಒಂದೂವರೆ ಲಕ್ಷ ಮೀರಿದ್ದವು. ಭ್ರಷ್ಟಾಚಾರ ಹೆಚ್ಚಿರುವ ದೇಶಗಳಿಂದ ಬಂದವರ ಹೆಸರಿನಲ್ಲಿ ಅವು ಹೆಚ್ಚಾಗಿದ್ದವು; ಸ್ವೀಡನ್, ನಾರ್ವೆಗಳಂತಹ ದೇಶಗಳವರ ಹೆಸರಿನಲ್ಲಿ ಒಂದೂ ಇರಲಿಲ್ಲ. ಈ ಅಧಿಕಾರಿಗಳಾರೂ ಹಸಿದವರಲ್ಲ, ಅನಕ್ಷರಸ್ಥರಲ್ಲ. ಅವರು ತಾಯ್ನಾಡಿನಿಂದ ಹೊತ್ತು ತಂದಿದ್ದು ಬಡತನವನ್ನಲ್ಲ, ‘ಎಲ್ಲರೂ ಮಾಡುವುದೇ ಇದು’ ಎಂಬ ನಂಬಿಕೆಯನ್ನು. 2002ರ ಅಂತ್ಯಭಾಗದಲ್ಲಿ, ದಂಡ ಬಾಕಿ ಉಳಿಸಿಕೊಂಡವರ ವಾಹನದ ರಾಜತಾಂತ್ರಿಕ ಫಲಕವನ್ನೇ ಕಿತ್ತುಕೊಳ್ಳುವ ಅಧಿಕಾರ ನಗರಾಡಳಿತಕ್ಕೆ ದೊರೆಯಿತು. ಉಲ್ಲಂಘನೆಗಳು ಸುಮಾರು ಶೇ. 98ರಷ್ಟು ಇಳಿದವು.

ಇಲ್ಲಿ ನನ್ನದೇ ತಪ್ಪೊಂದನ್ನು ಒಪ್ಪಿಕೊಳ್ಳುವುದು ಉಚಿತ. ಹಲವು ವರ್ಷಗಳ ಹಿಂದೆ ನಮ್ಮ ಪೇಟೆಯಲ್ಲಿ ಬಿಲ್ಲಿಲ್ಲದ ವ್ಯಾಪಾರವೇ ರೂಢಿಯಾಗಿತ್ತು. ಬಿಲ್ಲು ಕೊಟ್ಟರೆ ಗಿರಾಕಿ ಪಕ್ಕದ ಅಂಗಡಿಗೆ ಹೋಗುತ್ತಿದ್ದ. ನಾನೂ ಕೆಲವು ಕಾಲ ಆ ದಾರಿ ಹಿಡಿದೆ. ಪೇಟೆಯೇ ಹೀಗಿರುವಾಗ ನಾನೊಬ್ಬನೇನು ಮಾಡಲಿ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಂಡೆ. ಒಂದು ದಿನ ಗಲ್ಲಾದ ಬಳಿ ಕುಳಿತಿದ್ದ ನನ್ನ ಮಗ, ಆಗಿನ್ನೂ ಶಾಲೆಗೆ ಹೋಗುವ ಹುಡುಗ, ಗಿರಾಕಿಯನ್ನು ‘ಬಿಲ್ಲು ಬೇಕೋ ಬೇಡವೋ?’ ಎಂದು ಕೇಳಿದ. ಸರಕಿನ ದರ ಅವನಿಗೆ ಇನ್ನೂ ತಿಳಿದಿರಲಿಲ್ಲ. ಈ ಮಾತು ಮಾತ್ರ ಬಾಯಿಪಾಠವಾಗಿತ್ತು. ನಾನು ಬಡವನಾಗಿರಲಿಲ್ಲ. ಪೇಟೆಯು ನನ್ನನ್ನು ಕೆಡಿಸಿತೆಂದು ದೂರುತ್ತಿದ್ದ ನಾನೇ ನನ್ನ ಮಗನ ಪಾಲಿಗೆ ಆ ಪೇಟೆಯಾಗಿದ್ದೆ. ಬಿಲ್ಲಿಲ್ಲದ ವ್ಯಾಪಾರವನ್ನು ಅಂದಿಗೇ ನಿಲ್ಲಿಸಿದೆ. ಕೆಲವು ಗಿರಾಕಿಗಳು ಹೋದರು, ಮರಳಿ ಬರಲಿಲ್ಲ.

ನಮ್ಮ ಆಚಾರ್ಯರು ಕ್ರೋಧ, ಮಾನ, ಮಾಯೆ, ಲೋಭಗಳೆಂಬ ಕಷಾಯಗಳನ್ನು ಹೇಳುವಾಗ ನಿಮಿತ್ತ, ಉಪಾದಾನಗಳ ವಿವೇಕವನ್ನೂ ತಿಳಿಸಿದ್ದಾರೆ. ಸಮಾಜವು ನಿಮಿತ್ತ; ಕಷಾಯಕ್ಕೆ ಉಪಾದಾನವು ಜೀವನೇ. ಹೊಸ ಅಧ್ಯಯನವು ನಿಮಿತ್ತದ ಬಲವನ್ನು ಅಳೆದು ತೋರಿಸಿರುವುದು ಸ್ತುತ್ಯ. ಆದರೆ ನಿಮಿತ್ತವನ್ನು ತೋರಿಸಿ ಉಪಾದಾನದ ಹೊಣೆಯಿಂದ ಜಾರಿಕೊಳ್ಳುವಂತಿಲ್ಲ. ಹಾಗೆಯೇ ಉಪಾದಾನವೊಂದನ್ನೇ ಹಿಡಿದು, ಕೆಟ್ಟ ನಿಮಿತ್ತಗಳನ್ನು ಕಂಡೂ ಕಾಣದಂತಿರುವುದೂ ಏಕಾಂತವಾದವೇ ಆಗುತ್ತದೆ. ನ್ಯೂಯಾರ್ಕಿನ ಕಾನೂನು ಆ ಅಧಿಕಾರಿಗಳ ಲೋಭವನ್ನು ತೊಡೆಯಲಿಲ್ಲ. ಲೋಭಕ್ಕೆ ದೊರೆಯುತ್ತಿದ್ದ ಲಾಭವನ್ನು ತೊಡೆಯಿತು. ಸಂಸ್ಥೆಯೊಂದರಿಂದ ಸಾಧ್ಯವಾಗುವುದು ಅಷ್ಟೇ. ಆದರೆ ಅದು ಅಲ್ಪವೇನಲ್ಲ.

ಆದುದರಿಂದ ಬಸದಿಗಳ ವಿಶ್ವಸ್ತ ಮಂಡಳಿಗಳಲ್ಲಿ ನನ್ನ ವಿನಂತಿಯಿಷ್ಟೆ. ಕಾಣಿಕೆಯ ಹಣವನ್ನು ಇಬ್ಬರ ಸಮಕ್ಷಮದಲ್ಲಿ ಎಣಿಸಿರಿ. ವರ್ಷದ ಲೆಕ್ಕವನ್ನು ಬಸದಿಯ ಗೋಡೆಗೆ ಅಂಟಿಸಿರಿ. ಬಂಧುಗಳಿಗೆ ಗುತ್ತಿಗೆ ಕೊಡುವುದನ್ನು ಬಿಡಿರಿ. ಯಾರ ಮೇಲೂ ಸಂಶಯವಿದೆಯೆಂದಲ್ಲ. ಒಳ್ಳೆಯವನು ಒಳ್ಳೆಯವನಾಗಿಯೇ ಉಳಿಯಲು ಅನುಕೂಲವಾಗಲೆಂದು. ಗೃಹಸ್ಥರಾದ ನಾವು ದೇಶದ ಸರಾಸರಿಯನ್ನು ತಿದ್ದಲಾರೆವು. ನಮ್ಮ ಮನೆಯ ಮಗುವಿನ ಕಿವಿಗೆ ಬೀಳುವ ಮಾತನ್ನಾದರೂ ತಿದ್ದಬಲ್ಲೆವು.